ಸಕ್ಕರೆಲುಬಿನ ಕಟ್ಟೆ

ತೊರವಿನಾಳದಿಂದ ಹಳ್ಳಕ್ಕೆ ಇಳಿಯುವ ಬಂಡಿದಾರಿಯ ಎಡಕ್ಕೆ, ಬನ್ನಿಗಿಡದ ಬುಡದಲ್ಲಿ, ಎದೆಮಟ್ಟದ ಒಂದು ಕರಿಕಲ್ಲಿನ ಕಟ್ಟೆ ಇದೆ. ಅದಕ್ಕೆ ಗೋಪುರವಿಲ್ಲ, ಗಂಟೆಯಿಲ್ಲ, ಪೂಜಾರಿಯಂತೂ ಮೊದಲೇ ಇಲ್ಲ. ನಡುವಿನ ಗೂಡಿನಲ್ಲಿ ಮೊಳದುದ್ದದ, ಎರಡೂ ತುದಿ ಮುರಿದ ಒಂದು ಎಲುಬನ್ನು ಗಾರೆ ಹಾಕಿ ಕೂರಿಸಿದ್ದಾರೆ. ಹೊರಗಿನಿಂದ ನೋಡಿದರೆ ಮಾಸಿದ ಕಂದುಬಣ್ಣದ ಎಲುಬು, ಅಷ್ಟೆ. ಮುರಿದ ತುದಿಗೆ ಕಣ್ಣು ಹಚ್ಚಿ ನೋಡಿದವರಿಗೆ ಮಾತ್ರ, ಮಜ್ಜೆ ಇರಬೇಕಾದ ಟೊಳ್ಳಿನಲ್ಲಿ ಸುತ್ತಲೂ ಒಳಮುಖವಾಗಿ ಚಾಚಿ ನಿಂತ ಕಲ್ಲುಸಕ್ಕರೆಯಂಥ ಹರಳುಗಳು ಕಾಣುತ್ತವೆ. ಹೊಸಬರು ವಜ್ರವೆಂದು ಬೆರಗಾಗುತ್ತಾರೆ. ಇನ್ನು ಕೆಲವರು, ಹೇಳಲು ನಾಚಿಕೆಯಾಗುತ್ತದೆ, ಬೆರಳು ತಾಗಿಸಿ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಅದು ವಜ್ರವೂ ಅಲ್ಲ, ಸಿಹಿಯೂ ಅಲ್ಲ. ಊರವರ ಬಾಯಲ್ಲಿ ಇದು ಸಕ್ಕರೆಲುವಿನ ಕಟ್ಟಿ. ಈ ಹೆಸರು ಬಂದ ಬಗೆಯನ್ನು ಇಲ್ಲಿಯ ಹಿರಿಯರು ಮುಂದಿನಂತೆ ಹೇಳುತ್ತಾರೆ.

ಹಿಂದೆ ಒಮ್ಮೆ, ಈ ಕಡೆ ರೈಲಾಗಲಿ ಡಾಂಬರು ರಸ್ತೆಯಾಗಲಿ ಬರುವುದಕ್ಕೆ ಎಷ್ಟೋ ಮೊದಲು, ತೊರವಿನಾಳದಲ್ಲಿ ಈರಬಸವ್ವ ಎಂಬ ಹೆಣ್ಣುಮಗಳಿದ್ದಳು. ಸಕ್ಕರೆ ಗೊಂಬೆ ಹೊಯ್ಯುವುದು ಅವಳ ಕಸುಬು. ಗೌರಿ ಹುಣ್ಣಿಮೆಗೆ ಮದುವೆ ಗೊತ್ತಾದ ಹುಡುಗಿಯ ಮನೆಗೆ ಬೀಗರು ಈ ಗೊಂಬೆಗಳ ಸಕ್ಕರೆ ಆರತಿ ಒಯ್ಯುವ ಪದ್ಧತಿ ನಮ್ಮ ಸೀಮೆಯಲ್ಲಿ ಈಗಲೂ ಉಂಟು. ಸಾಗವಾನಿ ಅಚ್ಚಿನ ಎರಡು ಹೋಳುಗಳನ್ನು ಜೋಡಿಸಿ ಕಟ್ಟಿ, ಕುದಿಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಒಳಗೆ ಆನೆಯೋ ನವಿಲೋ ಕೂತಿರುತ್ತದೆ. ಹುಣ್ಣಿಮೆಯ ಹಂಗಾಮು ಮುಗಿದ ಮೇಲೆ ಅವಳು ಕಲ್ಲುಸಕ್ಕರೆ ಕಟ್ಟುತ್ತಿದ್ದಳು. ಮಡಕೆಯೊಳಗೆ ನೂಲು ಬಿಗಿದು, ಹದವಾದ ಪಾಕ ತುಂಬಿ, ಹೊಟ್ಟಿನಲ್ಲಿ ಹೂತು, ಯಾರೂ ಸುಳಿಯದ ಮೂಲೆಯಲ್ಲಿ ಬಿಟ್ಟುಬಿಡುವುದು. ಅಲ್ಲಾಡಿಸಿದರೆ ರವೆಯಾಗುತ್ತದೆ, ಅವಸರದಿಂದ ಆರಿಸಿದರೆ ಹಿಟ್ಟಾಗುತ್ತದೆ. ಬಿಟ್ಟಷ್ಟೂ ಹರಳು ದೊಡ್ಡದಾಗುತ್ತದೆ. ಈ ಕೆಲಸಕ್ಕೆ ಕೈಗಿಂತ ತಾಳ್ಮೆ ಹೆಚ್ಚು ಬೇಕು, ಮತ್ತು ಈರಬಸವ್ವನಿಗೆ ತಾಳ್ಮೆಯ ಹೊರತು ಬೇರೆ ಆಸ್ತಿಯೂ ಉಳಿದಿರಲಿಲ್ಲ.

ಏಕೆಂದರೆ ಅವಳ ಗಂಡ ರುದ್ರಪ್ಪ ನಾಲ್ಕಾರು ವರ್ಷದ ಹಿಂದೆ ಕಾಣೆಯಾಗಿದ್ದ. ಹಳ್ಳದ ದಂಡೆಯ ಹೊಲದ ಬದುವಿನ ವಿಷಯಕ್ಕೆ ಅವನಿಗೂ ಅವನ ಅಣ್ಣ ಬಾಳಪ್ಪನಿಗೂ ಕೈಕೈ ಮಿಲಾಯಿಸುವಷ್ಟು ಜಗಳವಾಗಿತ್ತು. ಮರುದಿನ ರುದ್ರಪ್ಪ ಗೊಂಬೆಯ ಬುಟ್ಟಿ ಹೊತ್ತು ಸಂತೆಗೆಂದು ಹೊರಟವನು ಸಂತೆಗೂ ಮುಟ್ಟಲಿಲ್ಲ, ಮನೆಗೂ ಬರಲಿಲ್ಲ. ತಿಂಗಳು ತುಂಬುವುದರೊಳಗೆ ಬಾಳಪ್ಪ ತಮ್ಮನ ಪಾಲಿನ ಹೊಲವನ್ನೂ ಉತ್ತುಕೊಂಡ, ಈರಬಸವ್ವನನ್ನು ಮನೆಯಿಂದ ಹೊರಗೆ ಹಾಕಿದ. ಊರು ಗುಸುಗುಸು ಎಂದಿತು. ಆದರೆ ಹೆಣ ಸಿಗದೆ ಯಾರ ಮೇಲೆ ಏನು ಹೊರಿಸುವುದು? ಈರಬಸವ್ವ ಊರ ಅಂಚಿನ ಗುಡಿಸಿಲಲ್ಲಿ ಒಲೆ ಹೂಡಿದಳು. ಹಣೆಗೆ ಕುಂಕುಮ, ಕೈತುಂಬ ಹಸಿರು ಬಳೆ ಹಾಗೇ ಇದ್ದವು. ಮುತ್ತೈದೆಯರು ಆರತಿಗೆ ಕರೆಯಲು ಅನುಮಾನಿಸುತ್ತಿದ್ದರು, ಕರೆಯದಿರಲೂ ಅನುಮಾನಿಸುತ್ತಿದ್ದರು. ಅದು ಅವಳಿಗೆ ಹಸಿವಿಗಿಂತ ಹೆಚ್ಚು ಸುಡುತ್ತಿತ್ತು.

ಒಂದು ಮಳೆಗಾಲದಲ್ಲಿ ಹಳ್ಳ ದಂಡೆ ಮೀರಿ ಹರಿದು, ಬಾಳಪ್ಪನ ಹೊಲದ ಅಂಚು ಕುಸಿಯಿತು. ನೀರು ಇಳಿದ ಮೇಲೆ ಕುಸಿದ ಮಣ್ಣಿನಲ್ಲಿ ಒಂದು ತೊಡೆಯೆಲುಬು ಕಂಡಿತು. ಜಗಳವಾದ ಬದುವಿನ ಬುಡದಲ್ಲೇ! ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಎಲುಬು ಕಲ್ಲಿನಷ್ಟು ಭಾರವಿದೆಯಲ್ಲ ಎಂದು ಒಬ್ಬಿಬ್ಬರು ಅಂದರಂತೆ. ಕೆಸರು ಕುಡಿದು ಭಾರವಾಗಿದೆ ಎಂದು ಉಳಿದವರು ಅವರ ಬಾಯಿ ಮುಚ್ಚಿಸಿದರು. ಗೌಡರಾದ ನಿಂಗನಗೌಡರು ಚಾವಡಿಯಲ್ಲಿ ಪಂಚರನ್ನು ಕೂರಿಸಿ ತೀರ್ಮಾನ ಹೇಳಿದರು. ಬಾಳಪ್ಪ ಹೆಂಡಿರು ಮಕ್ಕಳೊಂದಿಗೆ ಊರು ಬಿಡಬೇಕು, ಹೊಲಮನೆಯೆಲ್ಲ ಈರಬಸವ್ವನಿಗೆ ಸೇರಬೇಕು, ಅವಳು ಗಂಡನ ಎಲುಬಿಗೆ ವಿಧಿಪ್ರಕಾರ ಮಣ್ಣು ಕೊಡಬೇಕು. ಬಾಳಪ್ಪ ನಾನಲ್ಲ ನಾನಲ್ಲ ಎಂದು ನೆಲಕ್ಕೆ ತಲೆ ಬಡಿದುಕೊಂಡರೂ ಯಾರೂ ಕಿವಿಗೊಡಲಿಲ್ಲ. ಹೆಂಗಸರು ಬಂದು ಈರಬಸವ್ವನ ಬಳೆ ಒಡೆದರು. ಅವಳು ಬಾಯಿಬಿಟ್ಟು ಅತ್ತಳು. ದುಃಖ ಹೌದು. ಅದರ ಅಡಿಯಲ್ಲಿ, ಅಂತೂ ಕಾಯುವುದು ಮುಗಿಯಿತಲ್ಲ ಎಂಬ ಹಗುರವೂ ಇತ್ತು.

ಮಣ್ಣು ಕೊಡುವ ಮೊದಲು ಎಲುಬನ್ನು ತೊಳೆಯಬೇಕು, ಅದನ್ನು ಹೆಂಡತಿಯೇ ಮಾಡಬೇಕು. ಈರಬಸವ್ವ ಹಿತ್ತಾಳೆಯ ಪರಾತದಲ್ಲಿ ಎಲುಬನ್ನಿಟ್ಟುಕೊಂಡು ಒಬ್ಬಳೇ ಹಳ್ಳಕ್ಕೆ ಇಳಿದಳು. ಹೊರಗಿನ ಕೆಸರು ಹೋಯಿತು. ಟೊಳ್ಳಿನಲ್ಲಿ ಗಟ್ಟಿಯಾಗಿ ಮಣ್ಣು ಕೂತಿತ್ತು, ಅದನ್ನು ಕಡ್ಡಿಯಿಂದ ಕೆದರಿ ನೀರು ಹೊಯ್ದಳು. ಮಣ್ಣಿನ ಮುದ್ದೆ ಜಾರಿ ಬಿದ್ದ ಜಾಗದಲ್ಲಿ ಹರಳುಗಳು ಬಿಸಿಲಿಗೆ ಮಿನುಗಿದವು. ಗೋಡೆಯಿಂದ ನಡುವಿಗೆ ಮುಖಮಾಡಿದ, ಮೊನೆ ಇರುವ, ಬುಡದಲ್ಲಿ ತುಸು ಜೇನುಬಣ್ಣದ ಹರಳುಗಳು. ಕೆಲವು ಹೆಬ್ಬೆರಳಿನ ಉಗುರಿನಷ್ಟು ದೊಡ್ಡವು. ತನ್ನ ಮಡಕೆಯ ಒಳಗೋಡೆಯಲ್ಲಿ ಅವಳು ಜೀವಮಾನವೆಲ್ಲ ನೋಡಿದ್ದು ಇದನ್ನೇ. ಎಲುಬು ಅಚ್ಚಾಗಿದೆ, ನೆಲದ ನೀರು ಪಾಕವಾಗಿದೆ, ಹೊಯ್ದ ಕೈ ಮಾತ್ರ ಕಾಣುವುದಿಲ್ಲ. ಎಷ್ಟು ತಡೆದು ನಿಂತರೆ ಇಂಥ ಹರಳು ಕಟ್ಟೀತು ಎಂದು ಅವಳ ಮನಸ್ಸು ತಾನಾಗಿ ಲೆಕ್ಕ ಹಾಕತೊಡಗಿತು. ಲೆಕ್ಕ ಮುಗಿಯುವ ಮೊದಲೇ ಅವಳಿಗೆ ಉತ್ತರ ಗೊತ್ತಾಯಿತು. ನಾಲ್ಕಾರು ವರ್ಷದಲ್ಲಿ ಆಗುವ ಕೆಲಸ ಇದಲ್ಲ.

ಅವಳಿಗೆ ಆ ಎಲುಬಿನ ಮೇಲೆ ಸಿಟ್ಟು ಬಂತು. ಯಾವ ಕಾಲದ ಯಾವ ಮೃಗದ್ದೋ, ಇಷ್ಟು ಕಾಲ ನೆಲದೊಳಗೆ ಸುಮ್ಮನೆ ಬಿದ್ದಿದ್ದು ಇನ್ನೊಂದಿಷ್ಟು ದಿನ ಬಿದ್ದಿರಬಾರದಿತ್ತೇ? ಬಾಳಪ್ಪನ ಬಂಡಿ ಆಗಲೇ ಸಾಮಾನು ಹೇರಿಕೊಂಡು ನಿಂತಿತ್ತು. ಇದನ್ನು ಕಂಡವರು ಬೇರೆ ಯಾರೂ ಇಲ್ಲ. ಆಕೆ ಸುತ್ತ ನೋಡಿ, ದಂಡೆಯ ಜಿಗಟು ಮಣ್ಣು ತೆಗೆದು, ಟೊಳ್ಳನ್ನು ಮತ್ತೆ ಮೆತ್ತಿದಳು. ನಮ್ಮ ಹಿರಿಯರು ಇದನ್ನು ಮುಚ್ಚಿಡದೆ ಹೇಳುತ್ತಾರೆ, ನಾವೂ ಮುಚ್ಚಿಡುವುದಿಲ್ಲ. ಮೆತ್ತಿದ ಎಲುಬನ್ನು ಪರಾತದಲ್ಲಿಟ್ಟು ಬಿಳಿಬಟ್ಟೆ ಹೊದಿಸಿ, ತಲೆಯ ಮೇಲೆ ಹೊತ್ತು ಕುಣಿಯ ಹತ್ತಿರ ಬಂದಳು.

ಬನ್ನಿಗಿಡದ ಬುಡದಲ್ಲಿ ಕುಣಿ ತೋಡಿತ್ತು. ಊರೆಲ್ಲ ಸೇರಿತ್ತು. ಗೌಡರು ಅವಳ ಮುಷ್ಟಿಗೆ ಮಣ್ಣು ಕೊಟ್ಟು, ಗಂಡನ ಹೆಸರು ಹೇಳಿ ಹಾಕು ಎಂದರು. ಮದುವೆಯಾದಂದಿನಿಂದ ಒಮ್ಮೆಯೂ ಬಾಯಲ್ಲಿ ಆಡದ ಹೆಸರು ಅದು. ಯಾವುದೋ ಮೃಗದ ಎಲುಬಿಗೆ ಆ ಹೆಸರಿಟ್ಟು ಹೂಳಿದರೆ, ನಾಳೆಯಿಂದ ದಾರಿ ನೋಡುವ ಹಕ್ಕೂ ತನಗಿರುವುದಿಲ್ಲ ಎಂಬುದು ಈರಬಸವ್ವನಿಗೆ ಆಗ ಹೊಳೆಯಿತು. ಬದುಕಿದ್ದಾನೋ ಇಲ್ಲವೋ ತಿಳಿಯದ ಗಂಡನನ್ನು ತನ್ನ ಕೈಯಾರೆ ಕೊಂದಂತಾಗುತ್ತದೆ. ಅವಳು ಮುಷ್ಟಿ ಬಿಚ್ಚಿ ಮಣ್ಣನ್ನು ಕೆಳಗೆ ಚೆಲ್ಲಿದಳು.

"ಗೌಡ್ರ, ಇದು ನಮ್ಮ ಮನಿಯವ್ರ ಎಲುವಲ್ರಿ."

"ಮಣ್ಣ ಕೊಡೂ ಹೊತ್ತಿನ್ಯಾಗ ಇದೇನವ್ವಾ ನಿಂದು?"

ಅವಳು ಮೆತ್ತಿದ ಮಣ್ಣನ್ನು ಎಲ್ಲರೆದುರೇ ಕೆದರಿ ತೆಗೆದಳು. ತಾನೇ ಮೆತ್ತಿದ್ದೆಂದೂ ಒಪ್ಪಿಕೊಂಡಳು. "ಒಳಗ ನೋಡ್ರಿ, ಹರಳ ಕಟ್ಟ್ಯಾವು. ನನ್ನ ಪಾಕದಾಗ ಇಡೀ ಮಡಕಿ ಸಕ್ಕರಿ ಇರ್ತೈತಿ, ಆದ್ರೂ ಈಟು ದಪ್ಪ ಹರಳಿಗೆ ದಿನಗಟ್ಟಲೆ ಕಾಯಬೇಕು. ಈ ಹಳ್ಳದ ನೀರಾಗ ಅಂಥಾ ಸತ್ವ ಎಲ್ಲೈತ್ರಿ? ನಮ್ಮ ಹಂಡೆ ನೋಡ್ರಿ ಬೇಕಾದ್ರ. ನಮ್ಮತ್ತಿ ಕಾಲದಿಂದ ದಿನಾ ಇದ ನೀರು ಕುದಸೇವಿ. ತಳಕ್ಕ ಕಟ್ಟಿದ ಬಿಳಿ ಪದರ ಉಗುರಿನಷ್ಟೂ ದಪ್ಪ ಆಗಿಲ್ಲ. ಇದು ನೂರು ಮುತ್ತಜ್ಜಾರ ಕಾಲದ್ದಿರಬೇಕು."

ಗೌಡರು ಆಳು ಕಳಿಸಿ ಬಾಳಪ್ಪನ ಬಂಡಿಗೆ ಹೇರಿದ್ದ ಹಂಡೆ ತರಿಸಿದರು. ಪಾಕದ ಕೊಳೆ ತೆಗೆಯಲು ಅವಳು ಇಟ್ಟುಕೊಂಡಿದ್ದ ನಿಂಬೆಯ ಹುಳಿಯನ್ನು ಹಂಡೆಯ ಪದರದ ಮೇಲೂ ಹರಳಿನ ಮೇಲೂ ಹಿಂಡಿ ನೋಡಿದರು. ಎರಡೂ ಕಡೆ ಒಂದೇ ರೀತಿ ಸಣ್ಣಗೆ ನೊರೆ ಎದ್ದಿತು. ಎರಡೂ ನೀರಿನ ಸುಣ್ಣವೇ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಪಂಚರು ತಂತಮ್ಮೊಳಗೆ ಮಾತಾಡಿಕೊಂಡು ತೀರ್ಮಾನವನ್ನು ಹಿಂದಕ್ಕೆ ತೆಗೆದುಕೊಂಡರು. ಬಾಳಪ್ಪ ಓಡಿಬಂದು ಅವಳ ಕಾಲಿಗೆ ಬೀಳಹೋದ. ಈರಬಸವ್ವ ಸರಿದು ನಿಂತಳು.

"ನಿಮ್ಮ ಸಲುವಾಗಿ ಹೇಳಲಿಲ್ಲ ಭಾವ. ನೀವು ಏನರೆ ಮಾಡೀರೋ ಇಲ್ಲೋ ನನಗ ಗೊತ್ತಿಲ್ಲ. ಈ ಎಲುವು ಅವರದಲ್ಲ, ಅಷ್ಟ."

ಅಂದೇ ಅವಳು ಬಳೆಗಾರರ ಮನೆಗೆ ಹೋಗಿ ಎರಡೂ ಕೈ ಮುಂದೆ ಚಾಚಿ ಕೂತಳು. ಬಳೆ ಒಡೆದ ಕೈಗೆ ಮತ್ತೆ ಬಳೆ ಇಡುವ ಪದ್ಧತಿ ಇಲ್ಲವೆಂದು ಬಳೆಗಾರತಿ ಹಿಂಜರಿದಳಂತೆ. "ಸತ್ತಾರಂತ ಯಾರಿಗೆ ಗೊತ್ತೈತಿ? ಇಡವ್ವಾ" ಎಂದು ಈರಬಸವ್ವ ಅಂದಾಗ ಅವಳು ಅಳುತ್ತಲೇ ಇಟ್ಟಳು ಎನ್ನುತ್ತಾರೆ. ಬಾಳಪ್ಪ ಹೊಲದಲ್ಲಿ ಒಂದು ಗೇಣನ್ನೂ ಅವಳಿಗೆ ಬಿಟ್ಟುಕೊಡಲಿಲ್ಲ. ರುದ್ರಪ್ಪ ಮುಪ್ಪಿನಲ್ಲಿ ತಿರುಗಿ ಬಂದನೆಂದು ಕೆಲವರು ಹೇಳುವುದುಂಟು. ಕೇಳುವವರ ಮನಸ್ಸಿಗೆ ಹಿತವಾಗಲೆಂದು ಸೇರಿಸಿದ ಮಾತು ಅದು. ಅವನು ಬರಲಿಲ್ಲ. ಅವಳು ಬಳೆಯ ಕೈಯಲ್ಲೇ ತೀರಿಕೊಂಡಳು.

ಈಚೆಗೆ ಕಾಲೇಜಿನವರು ಭೂಗರ್ಭಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತರುತ್ತಾರೆ. ಎಲುಬು ಯಾವುದೋ ಪುರಾತನ ಗೊರಸಿನ ಪ್ರಾಣಿಯದೆಂದೂ, ನೆಲದ ನೀರಿನ ಸುಣ್ಣ ಎಲುಬಿನ ಕಣಕಣದಲ್ಲಿ ಸೇರಿ ಅದನ್ನು ಕಲ್ಲಾಗಿಸಿತೆಂದೂ, ಟೊಳ್ಳಿನಲ್ಲಿ ಜಾಗ ಸಿಕ್ಕಲ್ಲಿ ಅದೇ ಸುಣ್ಣ ಕ್ಯಾಲ್ಸೈಟ್ ಹರಳಾಗಿ ಬೆಳೆಯಿತೆಂದೂ ಅವರು ವಿವರಿಸುತ್ತಾರೆ. ಈರಬಸವ್ವ ಹೇಳಿದ್ದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಮುತ್ತಜ್ಜಂದಿರ ಸಂಖ್ಯೆಯಲ್ಲಿ ಮಾತ್ರ ಆಕೆ ತೀರ ಕೈಹಿಡಿತ ಮಾಡಿದ್ದಳು.

ತೋಡಿದ ಕುಣಿಯನ್ನು ಬರಿದೇ ಮುಚ್ಚಬಾರದೆಂದು ನಿಂಗನಗೌಡರು ಅದರ ಮೇಲೆ ಈ ಕಟ್ಟೆ ಕಟ್ಟಿಸಿ, ಎಲುಬನ್ನು ಕೂರಿಸಿ, ಇನ್ನು ಮುಂದೆ ಊರಿನ ಆಣೆಪ್ರಮಾಣ ಇಲ್ಲಿಯೇ ಆಗಲಿ ಎಂದು ಗೊತ್ತುಮಾಡಿದರು. ಅದಕ್ಕೊಂದು ಕಟ್ಟಳೆಯನ್ನೂ ಹಾಕಿದರು. ಎಲುಬು ಮುಟ್ಟಿ ತನಗೆ ನಷ್ಟವಾಗುವ ಮಾತು ಹೇಳಿದರೆ ಮಾತ್ರ ಅದು ಸಾಕ್ಷಿ. ಲಾಭದ ಮಾತಿಗೆ ಇಲ್ಲಿ ಆಣೆ ಇಲ್ಲ. ಆ ಕಟ್ಟಳೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಊರಿನ ಜಗಳಗಳೆಲ್ಲ ತಾಲ್ಲೂಕಿನ ಕೋರ್ಟಿಗೆ ಹೋಗುತ್ತವೆ, ನೋಡಲು ಬಂದವರಿಗೆ ಕಟ್ಟೆಯ ಮೇಲೆ ಸಾಮಾನ್ಯವಾಗಿ ಆಡುಗಳು ಮಲಗಿರುವುದು ಕಾಣುತ್ತದೆ.