ಮುಚ್ಚಿದ ಬುಟ್ಟಿಯ ಮೂರು ಪ್ರಶ್ನೆ

"ಕೇಳ್ರಪ್ಪೋ ಕೇಳ್ರಿ! ಕದರಪ್ಪ ನಾಯಕರ ಅಪ್ಪಣೆ! ಮಗಳು ನೀಲಾಜಮ್ಮಣ್ಣಿಯವರು ಮುಚ್ಚಿದ ಬುಟ್ಟಿ ಮುಂದಿಟ್ಟು ಮೂರು ಒಗಟು ಕೇಳ್ತಾರೆ. ಮೂರೂ ಒಡೆದವನಿಗೆ ಮಗಳು, ಅರ್ಧ ರಾಜ್ಯ. ತಪ್ಪಿದವನ ತಲೆ ಹೊತ್ತು ಮುಳುಗೋದರೊಳಗೆ ಕೋಟೆ ಬಾಗಿಲಿಗೆ!"

ಡಂಗುರದವನು ಮೂರು ದಿನ ಸಾರಿದ. ಕುರುಬರ ಮೈಲಾರಿಗೆ ಅದು ಒಳಗೆ ಇಳಿಯಲಿಲ್ಲ. ಹೆಂಡತಿ ಹೊನ್ನಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಯಾರು ಏನು ಹೇಳಿದರೂ ಹಾಗೇ ಆಗುತ್ತಿತ್ತು. ಅರಮನೆಗೆ ಎರಡು ಕಂಬಳಿ ಒಪ್ಪಿಸಬೇಕಿತ್ತು. ಹೊತ್ತುಕೊಂಡು ಹೋದ. ಬಾಗಿಲಲ್ಲಿ ಸಾಲು ಕಂಡ. ನಿಂತ.

ಸಾಲಿನವರೆಲ್ಲ ಜರತಾರಿ ರುಮಾಲಿನವರು. ಇವರ ಕಂಬಳಿ ಎಲ್ಲಿ ಅಂತ ಅವನಿಗೆ ತಿಳಿಯಲಿಲ್ಲ.

"ಹೆಸರು?" ಕಾವಲಿನವನು ಕೇಳಿದ.

"ಮೈಲಾರಿ."

"ಏನಯ್ಯಾ, ನೀನೂ ನಾಯಕರ ಅಳಿಯ ಆಗೋಕೆ ಬಂದ್ಯಾ?"

"ನಾನು ಎರಡು ಕಂಬಳಿ..."

"ಹಾಸೋಕೊಂದು, ಹೊದಿಯೋಕೊಂದು! ತಯಾರಾಗೇ ಬಂದವ್ನೆ!"

ಎಲ್ಲರೂ ನಕ್ಕರು. ಅಷ್ಟರಲ್ಲಿ ಹೆಸರು ಬರೆದಾಗಿತ್ತು. ಬರೆದ ಮೇಲೆ ತಲೆ ನಾಯಕರದು ಅಂದರು.

ಒಳಗೆ ನಾಯಕರು ಕೂತಿದ್ದರು. ಪಕ್ಕದಲ್ಲಿ ಮಗಳು, ಅವಳ ಮುಂದೆ ಬುಟ್ಟಿ. ಅತ್ತು ಅತ್ತು ಅವಳ ಮುಖ ಊದಿತ್ತು.

ಮೊದಲು ಪಕ್ಕದ ಪಾಳೆಯಗಾರನ ಮಗ ಹೋದ. ಅವಳು ಕೇಳಿದಳು: "ಇದಕ್ಕೆ ಎರಡು ಹೊದಿಕೆ. ಹೊರಗಿನದು ಉದ್ದ, ಒಳಗಿನದು ಮೆತ್ತಗೆ. ನೇಯ್ದವರಿಲ್ಲ. ಬೇಸಿಗೆ ಬಂದರೆ ತಾನೇ ಉದುರಿಸುತ್ತದೆ. ಇದರ ತವರು ಎಂಥ ನಾಡು?"

"ತೆಂಗಿನಕಾಯಿ! ತವರು ಕಡಲ ತೀರ!" ಅಂದ. ಎಳೆದುಕೊಂಡು ಹೋದರು.

ಎರಡನೆಯವನು ಅರಮನೆ ಜೋಯಿಸರ ಅಳಿಯ. "ಹಾವು. ಪೊರೆ ಬಿಡುತ್ತದೆ. ತವರು ಹುತ್ತ." ಅವನನ್ನೂ ಎಳೆದರು. ಮಿಕ್ಕವರಿಗೆಲ್ಲ ಆ ಹೊತ್ತಿಗೆ ಮನೆಯ ಕೆಲಸ ನೆನಪಾಯಿತು. ಉಳಿದವನು ಮೈಲಾರಿ ಒಬ್ಬ.

ತನ್ನ ತಲೆ ಹೋಗುತ್ತದೆ ಅಂತ ಗೊತ್ತಾಯಿತು. ಹೆದರಿಕೆ ಬರಲಿಲ್ಲ. ಬರಬೇಕಿತ್ತಲ್ಲ ಅಂತ ಗಲಿಬಿಲಿಯಾಯಿತು. ಬುಟ್ಟಿಯ ಮುಂದೆ ಹೋಗಿ ನಿಂತ. ನೀಲಾಜಮ್ಮಣ್ಣಿಯ ಸೆರಗಿಗೆ ಬಿಳಿ ಕೂದಲು ಅಂಟಿತ್ತು. ಕೈ ತಾನಾಗಿ ಹೋಯಿತು. ಒಂದೆಳೆ ತೆಗೆದು ಬೆರಳಲ್ಲಿ ಹೊಸೆದ.

"ಇದು ನಮ್ಮ ಕಡೇದಲ್ಲ ತಾಯಿ. ನಮ್ಮ ಕುರಿ ಉಣ್ಣೆ ಒರಟು. ಇಂಥ ಮೆತ್ತನೆ ಒಳಗೂದಲು ಮೈ ಕೊರೆಯೋ ಚಳೀಲೇ ಬೆಳೆಯೋದು. ಹಿಮ ಬೀಳೋ ಬೆಟ್ಟದ ನಾಡಿರಬೇಕು."

ನಾಯಕರು ನೆಟ್ಟಗೆ ಕೂತರು. "ಹೌದು. ಕುದುರೆ ವ್ಯಾಪಾರಿ ಹಿಮದ ನಾಡಿಂದಲೇ ತಂದುಕೊಟ್ಟ."

"ಎರಡನೆಯದು," ಅಂದಳು ಮಗಳು. "ಒಂದು ಕಣ್ಣು ಆಕಾಶದ ಬಣ್ಣ, ಒಂದು ಜೇನಿನ ಬಣ್ಣ. ಕರೆದರೆ ತಿರುಗುವುದಿಲ್ಲ. ಕಹಳೆ ಊದಿದರೂ ಬೆಚ್ಚುವುದಿಲ್ಲ. ಯಾರಾದರೂ ಹತ್ತಿರ ಹೆಜ್ಜೆ ಇಟ್ಟರೆ ಎದ್ದು ನೋಡುತ್ತದೆ. ಇದಕ್ಕೆ ಯಾರ ಮೇಲೆ ಮುನಿಸು?"

ಮೈಲಾರಿ ತನ್ನ ಪಾದದ ಕಡೆ ನೋಡಿಕೊಂಡ.

"ಮುನಿಸಿಲ್ಲ ತಾಯಿ. ಕಿವಿ ಇಲ್ಲ. ನಮ್ಮ ಹೊನ್ನಿ ಹೀಗೇ ಇದ್ದಳು. ಕೂಗಿದರೆ ಕೇಳ್ತಿರಲಿಲ್ಲ. ನಾನು ಹೊಸಲು ದಾಟಿ ಕಾಲು ಕುಟ್ಟುತಿದ್ದೆ. ಒಲೆ ಮುಂದಿಂದ ತಿರುಗಿ ನೋಡೋಳು."

"ಈಗ ಎಲ್ಲಿ?"

"ಸತ್ತಳು ತಾಯಿ."

ನೀಲಾಜಮ್ಮಣ್ಣಿ ಮುಚ್ಚಳ ತೆಗೆದಳು. ಉದ್ದ ಕೂದಲಿನ ಬಿಳಿ ಬೆಕ್ಕು. ಬೆನ್ನು ತೋರಿಸಿ ಮಲಗಿತ್ತು. ಹೆಸರಿಟ್ಟು ಕೂಗಿದಳು. ಅಲ್ಲಾಡಲಿಲ್ಲ. ಮೆಲ್ಲಗೆ ಕಾಲು ಕುಟ್ಟಿದಳು. ತಲೆ ಎತ್ತಿ ಅವಳನ್ನೇ ನೋಡಿತು.

ಅದರ ಹೊಟ್ಟೆ ಮೇಲೆ ಕೈ ಇಟ್ಟಳು. "ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ. ಐದು ದಿನದಿಂದ ಇಟ್ಟದ್ದು ಮುಟ್ಟಿಲ್ಲ. ಆದರೂ ಹೊಟ್ಟೆ ಗಟ್ಟಿಯಾಗಿದೆ. ಹಾಗಾದರೆ ಏನು ತಿನ್ನುತ್ತಿದೆ?"

ಮೈಲಾರಿ ಬೆಕ್ಕಿನ ಕಂಕುಳಿಗೆ ಕೈ ಹಾಕಿದ. ಕೂದಲು ಗಂಟುಗಂಟಾಗಿತ್ತು. ಬೆರಳಿಗೆ ಜಿಡ್ಡು ಹತ್ತಿತು.

"ಎಣ್ಣೆ ಯಾರು ಹಚ್ಚಿದರು?"

"ದಾಸಿಯರು. ನನ್ನ ಜಡೆಗೆ ಹಚ್ಚುವ ಹಾಗೆಯೇ."

"ಅದನ್ನು ನೆಕ್ಕಿ ನೆಕ್ಕಿ ತನ್ನ ಕೂದಲನ್ನೇ ತಿಂದದೆ ತಾಯಿ. ಕುರಿಮರಿ ಉಣ್ಣೆ ನುಂಗಿದರೂ ಹೊಟ್ಟೇಲಿ ಹಿಂಗೇ ಉಂಡೆ ಕಟ್ಟುತದೆ. ಗರಿಕೆ ತರಿಸಿ. ಒಂಚೂರು ತುಪ್ಪ. ಇನ್ನು ಎಣ್ಣೆ ಬೇಡ. ವಾರಕ್ಕೆರಡು ಸಲ ಗಂಟು ಬಿಡಿಸಬೇಕು. ಬುಡದಿಂದಲ್ಲ, ತುದಿಯಿಂದ."

ತುಪ್ಪ ನೆಕ್ಕಿಸಿದರು. ಬೆಕ್ಕು ಗರಿಕೆಯನ್ನು ತಾನೇ ಕಚ್ಚಿತು. ಮಧ್ಯಾಹ್ನ ತಿರುಗುವವರೆಗೆ ಕಾದರು. ಬೆಕ್ಕು ಬೆನ್ನು ಬಾಗಿಸಿ ಕೆಮ್ಮಿತು. ಹೆಬ್ಬೆರಳಿನಷ್ಟು ಕೂದಲುಂಡೆ ನಾಯಕರ ರತ್ನಗಂಬಳಿ ಮೇಲೆ ಬಿತ್ತು. ಆಮೇಲೆ ಹಾಲು ಕುಡಿಯಿತು.

ನಾಯಕರು ಎದ್ದು ನಿಂತರು. "ಇವತ್ತು ಯಾರ ತಲೆಯೂ ಬೇಡ. ಅವರಿಬ್ಬರನ್ನೂ ಬಿಡಿ. ಮೈಲಾರಿ, ನಾನು ಮಾತಿಗೆ ತಪ್ಪೋನಲ್ಲ. ಮಗಳನ್ನು ಕೊಟ್ಟೆ, ಅರ್ಧ ರಾಜ್ಯ ಕೊಟ್ಟೆ."

"ನಾನು ಮದುವೆಗೆ ಬಂದೋನಲ್ಲ ಬುದ್ಧಿ, ರಾಜ್ಯಕ್ಕೂ ಅಲ್ಲ. ನಂಗೆ ಹೊನ್ನಿ ಅವ್ಳೆ."

"ಸತ್ತಳು ಅಂದೆಯಲ್ಲಯ್ಯಾ?"

"ಹೌದು ಬುದ್ಧಿ."

ನಾಯಕರಿಗೆ ಅರ್ಥವಾಗಲಿಲ್ಲ. ಮೈಲಾರಿಗೂ ಆಗಲಿಲ್ಲ.

"ಅಪ್ಪಾಜಿ, ಕೋಟೆ ಹಿಂದಿನ ಹುಲ್ಲುಗಾವಲು ಇವನ ಕುರಿಗೆ ಬರೆದುಕೊಡಿ," ಅಂದಳು ಮಗಳು. ಬರೆದುಕೊಟ್ಟರು.

ಮೈಲಾರಿ ಕಂಬಳಿ ಒಪ್ಪಿಸಿ, ಓಲೆ ಹಿಡಿದು ಅಲ್ಲೇ ನಿಂತ. ತಲೆ ಉಳಿದಿತ್ತು. ಉಳಿದದ್ದನ್ನು ಹೊತ್ತು ಎಲ್ಲಿಗೆ ಹೋಗಬೇಕು ಅಂತ ತಿಳಿಯಲಿಲ್ಲ.

"ನಾಡಿದ್ದು ಬಾ," ಅಂದಳು ನೀಲಾಜಮ್ಮಣ್ಣಿ. "ಗಂಟು ಬಿಡಿಸೋಕೆ ನಮಗೆ ಬರೋಲ್ಲ."

"ನಾಡಿದ್ದಾ ತಾಯಿ?"

"ನಾಡಿದ್ದು."

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಡುವೆ ನಾಳೆ ಇತ್ತು. ಒಂದೇ ದಿನ. ಅಷ್ಟು ಕಳೆಯಬಹುದು ಅನ್ನಿಸಿತು.

"ಬತ್ತೀನಿ," ಅಂದ.