ಕಾರಿನ ಪಿಸುಮಾತು

ಘಾಟಿಯ ತಿರುವಿನಲ್ಲಿ ಗುತ್ತಿಗೆದಾರ ಬಲ್ಲಾಳರ ಟರ್ಬೊ ಕಾರು ಮುಗ್ಗರಿಸಿ ಮುಗ್ಗರಿಸಿ ನಿಂತೇಬಿಟ್ಟಿತು. ಪಕ್ಕದಲ್ಲೇ ಪ್ರಪಾತ. ಮೇಲಿನಿಂದ ಮಂಜು ಇಳಿಯುತ್ತಿತ್ತು.

"ಈಗಲೇ ಸರಿಮಾಡು, ಇಲ್ಲವಾದರೆ ನಿನ್ನ ಕೆಲಸ ಹೋಯಿತೆಂದು ತಿಳಿ!" ಬಲ್ಲಾಳರು ಅರಚಿದರು.

ಡ್ರೈವರ್ ಐತಪ್ಪ ಚಕ್ರಕ್ಕೆ ಕಲ್ಲು ಕೊಟ್ಟ. ಇಂಜಿನ್ ಶುರುಮಾಡಿ, ಬಾನೆಟ್ ಎತ್ತಿ ಕಿವಿಗೊಟ್ಟ. ಬೈಗುಳದ ಅಬ್ಬರದಲ್ಲಿ ಏನೂ ಕೇಳಿಸಲಿಲ್ಲ.

"ಧಣಿ, ಕಾರು ನಿಮಗೆ ಹೆದರಿ ಪಿಸುಗುಡ್ತಿದೆ. ಮಾತಾಡದೆ ಆಕ್ಸಿಲರೇಟರ್ ಒತ್ತಿ."

ಬಲ್ಲಾಳರು ಡ್ರೈವರ್ ಸೀಟಿಗೆ ಸರಿದು ಹಲ್ಲು ಕಚ್ಚಿ ಒತ್ತಿದರು. ಉಸ್ಸೆಂದು ಸದ್ದು ಬಂತು. ಟರ್ಬೊದ ಗಾಳಿ ಪೈಪು ಸೀಳಿಹೋಗಿತ್ತು. ಐತಪ್ಪ ಅದಕ್ಕೆ ರಬ್ಬರ್ ಪಟ್ಟಿ ಬಿಗಿದ.

"ಏನಂತೆ ಅದು?"

"ಗಾಳಿಯೆಲ್ಲ ಹೊರಗೇ ಹೋದರೆ ಘಾಟಿ ಹತ್ತಲು ಶಕ್ತಿ ಎಲ್ಲಿಂದ ಬರಬೇಕು ಅಂತೆ, ಧಣಿ."

ಬೈಯಲು ಬಾಯಿ ತೆರೆದ ಬಲ್ಲಾಳರು ಹಾಗೇ ಮುಚ್ಚಿಕೊಂಡರು. ಕಾರು ಸರಾಗವಾಗಿ ಘಾಟಿ ಹತ್ತಿತು.