ಬೋಕಿ ಎಲ್ಲಿ ಹೋಯಿತು?

ಕಲ್ಲುಗುಡಿಯ ದೊರೆ ಬೊಮ್ಮರಸನಿಗೆ ತನ್ನ ಕಣ್ಣಿನ ಬಗ್ಗೆ ಬಹಳ ಹೆಮ್ಮೆ. ಕೋಟೆಯ ಬುರುಜಿನ ಮೇಲೆ ನಿಂತರೆ ಕೆರೆಯಾಚೆಯ ಎಮ್ಮೆಯ ಕೊಂಬು ನೇರವೋ ಡೊಂಕೋ ಹೇಳಬಲ್ಲೆ ಎನ್ನುತ್ತಿದ್ದ. ಆಸ್ಥಾನದ ಮಾಳಿಗೆ ಏಳು ವರ್ಷದಿಂದ ಸೋರುತ್ತಿತ್ತು. ಅತ್ತ ಮಾತ್ರ ಅವನು ಕಣ್ಣೆತ್ತಿ ನೋಡಿರಲಿಲ್ಲ. ಮಳೆಗಾಲ ಬಂದರೆ ಸಿಂಹಾಸನದ ಹಿಂದೆ ಒಬ್ಬ ಕೊಡೆ ಹಿಡಿದು ನಿಲ್ಲುತ್ತಿದ್ದ, ಅಷ್ಟೆ.

ಒಂದು ಬೆಳಿಗ್ಗೆ ದೊರೆ ಮುಖ ಗಂಟಿಕ್ಕಿಕೊಂಡು ಬುರುಜಿನಿಂದ ಇಳಿದು ಬಂದ.

"ಕೆರೆಯ ಪಕ್ಕ ಎರಡು ಗುಡ್ಡೆ, ಒಂದು ಕಪ್ಪು ಹೊಂಡ. ಏನವು?"

ಆಸ್ಥಾನದಲ್ಲಿ ಇಂಥ ಪ್ರಶ್ನೆಗೆಲ್ಲ ಉತ್ತರ ಹೇಳುವವನು ಹಂಪಯ್ಯ. "ಒಂದು ಗುಡ್ಡೆ ಕುಂಬಾರರ ಬೋಕಿ, ಒಡೆಯಾ. ಸುಡುವಾಗ ಒಡೆದ ಮಡಕೆಯ ಚೂರು. ಇನ್ನೊಂದು ಸುಣ್ಣ ಸುಡುವವರದು, ಬೂದಿ ಬೆರೆತ ಸುಣ್ಣ. ಗೋಡೆಗೆ ಬಳಿಯಲು ಬಾರದು. ಹೊಂಡದಲ್ಲಿರುವುದು ಆಲೆಮನೆಯ ಕಾಕಂಬಿ, ಬೆಲ್ಲವಾಗದೆ ಉಳಿದ ಪಾಕ."

"ಅದರ ಮೇಲಿನ ನೊಣವೂ ನನಗೆ ಕಾಣುತ್ತದೆ. ಅದರಿಂದ ಯಾರಿಗೇನು ಉಪಯೋಗ? ನಾನು ರಾಣಿಯ ತವರಿಗೆ ಹೊರಟಿದ್ದೇನೆ. ತಿಂಗಳಿಗೆ ವಾಪಸಾಗುವಷ್ಟರಲ್ಲಿ ಅದೆಲ್ಲ ಹೋಗಿರಬೇಕು. ಇಲ್ಲದಿದ್ದರೆ ಮೂರು ಕೇರಿಯೂ ಊರು ಬಿಡಲಿ."

"ಎಲ್ಲಿ ಹಾಕಿಸಲಿ?"

"ನನ್ನ ನೆಲದಲ್ಲಿ ಹೂಳಬಾರದು. ನನ್ನ ನೀರಿನಲ್ಲಿ ಮುಳುಗಿಸಬಾರದು. ಗಡಿಯಾಚೆ ಸುರಿದರೆ ಪಕ್ಕದ ದೊರೆ ದಂಡೆತ್ತಿ ಬರುತ್ತಾನೆ, ಅದೂ ಕೂಡದು."

"ಅಂದರೆ ಹೋಗಬೇಕು, ಎಲ್ಲಿಗೂ ಹೋಗಬಾರದು."

"ಜಾಣ. ಬೇಗ ಅರ್ಥವಾಗುತ್ತದೆ ನಿನಗೆ. ಹಾಗೆಯೇ ಈ ಮಾಳಿಗೆಯನ್ನೂ ನೋಡಿಸು. ಕೊಡೆಯವನಿಗೆ ತೋಳು ನೋವಂತೆ. ಭಂಡಾರದ ಬಾಗಿಲು ಮಾತ್ರ ತಟ್ಟಬೇಡ."

ಹಂಪಯ್ಯ ಕೆರೆಯ ಹತ್ತಿರ ಹೋದಾಗ ಸುಣ್ಣದ ಕಲ್ಲಪ್ಪನೂ ಆಲೆಮನೆಯ ದ್ಯಾವಣ್ಣನೂ ಜಗಳದ ನಡುವೆ ಇದ್ದರು.

"ನಿನ್ನ ಕಾಕಂಬಿಯ ನೊಣಕ್ಕೇ ಈ ಗತಿ ಬಂತು."

"ನಿನ್ನ ಬೂದಿ ನನ್ನ ಕೊಪ್ಪರಿಗೆಗೆ ಬಿದ್ದಾಗ ನಾನೇನಾದರೂ ಅಂದೆನೇ?"

"ಮೂರು ದಿನ ಬಿಡದೆ ಅಂದೆ ನೀನು."

ಕುಂಬಾರರ ಗಿರಿಯವ್ವ ಜಗಳಕ್ಕೆ ಬಂದಿರಲಿಲ್ಲ. ಮಡಕೆ ಸುಡುವ ತನ್ನ ಆವಿಗೆಯ ಪಕ್ಕ ಕೂತಿದ್ದಳು. ಆವಿಗೆಯ ಬಾಯಿಯ ಮೇಲೆ, ಮಣ್ಣು ಹಸಿಯಿದ್ದಾಗ ಒತ್ತಿದ ಅಂಗೈಯೊಂದರ ಗುರುತಿತ್ತು. ಅದನ್ನು ಕಟ್ಟಿದ ಅವಳ ಗಂಡನದು. ಅವನು ತೀರಿಕೊಂಡು ಎರಡು ವರ್ಷ.

"ಮಡಕೆಯಾದರೆ ಹೊತ್ತುಕೊಂಡು ಹೋಗಬಹುದು ಸ್ವಾಮಿ," ಎಂದಳು. "ಇದನ್ನು ಹೊರುವುದು ಹೇಗೆ?"

ಹಂಪಯ್ಯ ಅತ್ತ ಇತ್ತ ನೋಡಿದ. ಎರಡು ಗುಡ್ಡೆಗೂ ಹೊಂಡಕ್ಕೂ ನಡುವಿನ ತಗ್ಗಿನಲ್ಲಿ ಗಿರಿಯವ್ವನ ಕತ್ತೆ ನೀರು ಕುಡಿಯುತ್ತಿತ್ತು.

"ಮಳೆ ಬಂದು ಎಷ್ಟು ದಿನವಾಯಿತು ತಾಯಿ?"

"ಹತ್ತು ಹನ್ನೆರಡು."

"ಮತ್ತೆ ಈ ನೀರು? ಇಂಗಬೇಕಿತ್ತಲ್ಲ."

"ಅಲ್ಲಿ ಇಂಗುವುದೇ ಇಲ್ಲ. ಮೂರೂ ಕಡೆಯ ಕಸ ಹರಿದು ಅಲ್ಲೇ ಸೇರುತ್ತದೆ. ಈ ಕತ್ತೆ ದಿನವೂ ತುಳಿಯುತ್ತದೆ. ಹೋದ ಬೇಸಿಗೆಯಲ್ಲಿ ಅಗೆಯಲು ಹೋಗಿ ಗುದ್ದಲಿಯ ಬಾಯಿ ಮುರಿಯಿತು."

ಹಂಪಯ್ಯ ಕೂತು ತಗ್ಗಿನ ಅಂಚನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಕಲ್ಲಿನ ಸದ್ದು ಬಂತು. ಜಗಳಗಾರರಿಬ್ಬರನ್ನೂ ಕರೆದ.

"ನಿಮ್ಮ ಮೂವರ ಕಸವನ್ನೂ ಕೂಡಿಸಿ ಈ ಕತ್ತೆ ಗಾರೆ ಮಾಡಿದೆ. ಇಷ್ಟು ವರ್ಷ ನೀವೇನು ಮಾಡುತ್ತಿದ್ದಿರಿ?"

ದ್ಯಾವಣ್ಣ ತಲೆ ಕೆರೆದುಕೊಂಡ. "ಜಗಳ ಮಾಡುತ್ತಿದ್ದೆವು."

"ಅದನ್ನು ತಿಂಗಳ ಮಟ್ಟಿಗೆ ನಿಲ್ಲಿಸಿ."

ಮರುದಿನದಿಂದ ಕುಂಬಾರಗೇರಿಯ ಹೆಂಗಸರು ಬೋಕಿಯನ್ನು ಕುಟ್ಟಿ ಪುಡಿ ಮಾಡಿದರು. ಕಲ್ಲಪ್ಪ ಬೂದಿಸುಣ್ಣ ಜರಡಿ ಹಿಡಿದ. ದ್ಯಾವಣ್ಣ ಕಾಕಂಬಿಗೆ ನೀರು ಬೆರೆಸಿ ಕೊಟ್ಟ. ಅಳತೆ ಯಾರಿಗೂ ಗೊತ್ತಿರಲಿಲ್ಲ. ಮೊದಲ ಮುದ್ದೆ ಬಿರುಕು ಬಿಟ್ಟಿತು, ಎರಡನೆಯದು ಒಣಗಲೇ ಇಲ್ಲ. ಮೂರನೆಯದನ್ನು ಕತ್ತೆಯ ಮುಂದಿಟ್ಟರು. ತುಳಿಯಿತು, ಮೂಸಿತು, ಸುಮ್ಮನಾಯಿತು. ಗಟ್ಟಿಯಾಗಿತ್ತು. ಆಮೇಲೆ ಕತ್ತೆಗಳು ದಿನವಿಡೀ ಹೇರು ಹೊತ್ತು ಕೋಟೆಯೊಳಕ್ಕೆ ಹೋಗಿ ಬಂದವು. ಒಳಗೇನು ನಡೆಯಿತೆಂದು ಕೇಳಿದರೆ ಮೂರು ಕೇರಿಯವರೂ ನಕ್ಕು ಮುಂದೆ ಹೋಗುತ್ತಿದ್ದರು.

ದೊರೆ ಬಂದವನೇ ಬುರುಜು ಹತ್ತಿದ. ಕೆರೆಯ ಪಕ್ಕ ಬರೀ ನೆಲ. ಅವನಿಗೆ ಖುಷಿಯಾಗಬೇಕಿತ್ತು, ಅನುಮಾನವಾಯಿತು. ಬಾವಿಗಳಿಗೆ ಪಾತಾಳಗರಡಿ ಇಳಿಸಿದ. ಹೊಲಗಳಲ್ಲಿ ಗುಂಡಿ ತೋಡಿಸಿದ. ಹಂಪಯ್ಯನ ಮನೆಯ ಹುಲ್ಲಿನ ಬಣವೆಗೆ ಈಟಿ ಚುಚ್ಚಿಸಿದ. ಒಂದು ಚೂರೂ ಸಿಗಲಿಲ್ಲ.

ನಾಲ್ಕನೆಯ ದಿನ ಸಭೆ ಸೇರಿದಾಗ ಮಳೆ ಹೊಡೆಯಿತು. ಕೊಡೆಯವನು ಅಭ್ಯಾಸದಂತೆ ಕೊಡೆ ಬಿಚ್ಚಿ ನಿಂತ. ಮೂರು ಕೇರಿಯವರೂ ಕಂಬದ ಬಳಿ ಕೈಕಟ್ಟಿ ನಿಂತಿದ್ದರು.

"ಎಲ್ಲಿ ಬಚ್ಚಿಟ್ಟಿದ್ದೀಯೆ ಹೇಳು," ಎಂದ ದೊರೆ. "ನನ್ನ ರಾಜ್ಯದಲ್ಲೇ ಇದ್ದರೆ ಇವರು ಇವತ್ತೇ ಗಂಟುಮೂಟೆ ಕಟ್ಟಬೇಕು."

"ಹೂಳಿಲ್ಲ, ಮುಳುಗಿಸಿಲ್ಲ, ಗಡಿ ದಾಟಿಸಿಲ್ಲ. ತಮ್ಮ ಕಣ್ಣಿಗೇ ಬೀಳಲಿಲ್ಲವೇ, ಒಡೆಯಾ?"

"ಇಲ್ಲ. ಜಾಗ ತೋರಿಸು. ಈಗಲೇ ಕಿತ್ತು ಹಾಕಿಸುತ್ತೇನೆ."

"ಅಪ್ಪಣೆ. ಹಾಗಾದರೆ ಕೊಡೆಯವನು ಅಲ್ಲೇ ನಿಂತಿರಲಿ. ಅದು ತಮ್ಮ ತಲೆಯ ಮೇಲಿದೆ. ಕಿತ್ತ ಕೂಡಲೇ ಮಳೆ ಒಳಗೆ ಬರುತ್ತದೆ."

ಏಳು ವರ್ಷದಲ್ಲಿ ಮೊದಲ ಸಲ ದೊರೆ ಕತ್ತೆತ್ತಿ ಮೇಲೆ ನೋಡಿದ. ಒಂದು ಹನಿಯೂ ಇರಲಿಲ್ಲ. ಕೊಡೆಯವನು ಕೊಡೆಯನ್ನು ಮುಟ್ಟಿ ನೋಡಿ ಮೆಲ್ಲಗೆ ಹೇಳಿದ: "ಒಣಗಿಯೇ ಇದೆ, ಒಡೆಯಾ. ಹೇಳೋಣವೆಂದಿದ್ದೆ, ತಾವು ಕೋಪದಲ್ಲಿದ್ದಿರಿ."

ದೊರೆಗೆ ನಗು ತಡೆಯಲಾಗಲಿಲ್ಲ. "ಮೂರು ಕೇರಿಯೂ ಇದ್ದಲ್ಲೇ ಇರಲಿ. ಇನ್ನು ಕೋಟೆಯ ಕೆಲಸಕ್ಕೆಲ್ಲ ಇವರದೇ ಗಾರೆ. ಹಂಪಯ್ಯ, ನಿನಗೇನು ಬೇಕು?"

"ಆ ಕೊಡೆ."

"ಮಾಳಿಗೆ ಸೋರುವುದು ನಿಂತ ಮೇಲೆ ಅದರಿಂದ ಯಾರಿಗೇನು ಉಪಯೋಗ?"

"ಬೋಕಿಯ ಬಗ್ಗೆಯೂ ತಾವು ಇದೇ ಮಾತು ಹೇಳಿದ್ದಿರಿ, ಒಡೆಯಾ."

ಮಧ್ಯಾಹ್ನ ಮಳೆ ಮತ್ತೆ ಬಂತು. ದೊರೆ ಬುರುಜು ಹತ್ತಿ ಕೆರೆಯತ್ತ ನೋಡಿದ. ಜರಿಯಂಚಿನ ಅರಮನೆಯ ಕೊಡೆ ಗಿರಿಯವ್ವನ ಆವಿಗೆಯ ಮುಂದೆ ನೆಟ್ಟಿತ್ತು. ಅದರ ಕೆಳಗೆ ಇನ್ನೂ ಸುಡದ ಹಸಿ ಮಡಕೆಗಳು ನೆನೆಯದೆ ಸಾಲಾಗಿ ಕೂತಿದ್ದವು.